ಕಾರ್ಡಿನ ತುಂಬ ಅಂಕಿ, ಹೊಲಕ್ಕೆ ಉತ್ತರವಿಲ್ಲ: ಯೂರಿಯಾ ಸಾಲಿನ ಹಿಂದಿರುವ ಮಣ್ಣಿನ ಪ್ರಶ್ನೆಗಳು

2025ರ ಜುಲೈನಲ್ಲಿ ಕೊಪ್ಪಳವೂ ಸೇರಿದಂತೆ ರಾಜ್ಯದ ಹಲವು ಕಡೆ ಸೊಸೈಟಿಗಳ ಮುಂದೆ ಯೂರಿಯಾಕ್ಕಾಗಿ ಸಾಲು ನಿಂತಿತ್ತು. ಕೇಂದ್ರ ಕೊಡಬೇಕಾದಷ್ಟು ಗೊಬ್ಬರ ಕೊಟ್ಟಿಲ್ಲ ಎಂದಿತು ರಾಜ್ಯ. ಕೊಟ್ಟಿದ್ದೇವೆ, ಹಂಚಿಕೆಯಲ್ಲಿ ಎಡವಿದ್ದೀರಿ ಎಂದಿತು ಕೇಂದ್ರದ ಕಡೆ. ಈ ಜಗ್ಗಾಟದ ನಡುವೆ ಮೂರನೆಯ ಮಾತೊಂದು ಎಲ್ಲ ವೇದಿಕೆಗಳಿಂದಲೂ ಕೇಳುತ್ತಿತ್ತು: ಯೂರಿಯಾ ಅತಿಯಾದರೆ ಮಣ್ಣು ಸಾಯುತ್ತದೆ, ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಹಾಕಿ.

ಸಾಲಿನಲ್ಲಿ ನಿಂತವರಿಗೆ ಗೊಂದಲವಾಗಿದ್ದು ಇಲ್ಲೇ. ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಶುರುವಾಗಿ ಹತ್ತು ವರ್ಷ ದಾಟಿದೆ. ದೇಶದಲ್ಲಿ 24 ಕೋಟಿಗೂ ಹೆಚ್ಚು ಕಾರ್ಡ್ ಹಂಚಲಾಗಿದೆ. ಇಷ್ಟಾದ ಮೇಲೂ ಒಂದು ಎಕರೆ ಮೆಕ್ಕೆಜೋಳಕ್ಕೆ ಈ ವರ್ಷ, ಈ ಮಳೆಗೆ, ಈ ಮಣ್ಣಿನಲ್ಲಿ ಎಷ್ಟು ಯೂರಿಯಾ ಬೇಕು ಎಂಬ ಪ್ರಶ್ನೆಗೆ ರೈತ ನಂಬುವಂಥ ಉತ್ತರ ಯಾಕೆ ಸಿಗುವುದಿಲ್ಲ? ಮಣ್ಣನ್ನು ಅಳೆಯುವ ಕೆಲಸ ನಮ್ಮಲ್ಲಿ ಬೇಕಾದಷ್ಟು ನಡೆದಿದೆ. ಅಳೆದ ಅಂಕಿಯಿಂದ ಸಲಹೆಯವರೆಗಿನ ದಾರಿಯಲ್ಲಿ ಆಗಬೇಕಿದ್ದ ಸಂಶೋಧನೆ ಮಾತ್ರ ಅಲ್ಲಲ್ಲಿ ತುಂಡಾಗಿದೆ.

ಮೊದಲು ಬೆಲೆಯ ಲೆಕ್ಕ

ಆ ವರ್ಷ ಮಳೆ ಬೇಗ ಬಂತು, ಮೆಕ್ಕೆಜೋಳದ ವಿಸ್ತೀರ್ಣ ಹಿಗ್ಗಿತು, ಚೀನಾದಿಂದ ಬರುವ ಗೊಬ್ಬರ ಕಡಿಮೆಯಾಗಿತ್ತು. ಇವು ತಕ್ಷಣದ ಕಾರಣಗಳು. ಬೇರು ಇರುವುದು 2010ರಲ್ಲಿ. ಆ ವರ್ಷದ ಏಪ್ರಿಲ್‌ನಿಂದ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳಿಗೆ ಪೋಷಕಾಂಶ ಆಧಾರಿತ ಸಬ್ಸಿಡಿ, ಅಂದರೆ ಒಂದು ಕೆ.ಜಿ. ಪೋಷಕಾಂಶಕ್ಕೆ ಇಷ್ಟೆಂದು ನಿಗದಿಯಾದ ನೆರವು ಬಂತು. ಅವುಗಳ ಬೆಲೆ ಮಾರುಕಟ್ಟೆಯ ಜತೆ ಏರಿಳಿಯತೊಡಗಿತು. ಯೂರಿಯಾವನ್ನು ಮಾತ್ರ ಹೊರಗಿಟ್ಟು ಅದರ ಬೆಲೆಯನ್ನು ಸರ್ಕಾರವೇ ಹಿಡಿದಿಟ್ಟುಕೊಂಡಿತು.

ಬೇವು ಲೇಪಿತ ಯೂರಿಯಾದ 45 ಕೆ.ಜಿ. ಚೀಲಕ್ಕೆ ಸುಮಾರು 266 ರೂಪಾಯಿ. ಅದರಲ್ಲಿ ಶೇ 46ರಷ್ಟು ಸಾರಜನಕ, ಅಂದರೆ 20.7 ಕೆ.ಜಿ. ಒಂದು ಕೆ.ಜಿ. ಸಾರಜನಕಕ್ಕೆ ಬಿದ್ದದ್ದು ಹದಿಮೂರು ರೂಪಾಯಿ. ಪೊಟ್ಯಾಷ್‌ನ 50 ಕೆ.ಜಿ. ಚೀಲದಲ್ಲಿ 30 ಕೆ.ಜಿ. ಪೋಷಕಾಂಶ ಇರುತ್ತದೆ. ಚೀಲದ ಬೆಲೆ ಒಂದೂವರೆ ಸಾವಿರ ಎಂದು ಹಿಡಿದರೂ ಕೆ.ಜಿ.ಗೆ ಐವತ್ತು ರೂಪಾಯಿ. ಕೈಯಲ್ಲಿ ಕಾಸು ಕಡಿಮೆ ಇರುವವನು ಯಾವುದನ್ನು ಕೊಳ್ಳುತ್ತಾನೆ ಎಂದು ಊಹಿಸಲು ಅರ್ಥಶಾಸ್ತ್ರ ಓದಬೇಕಿಲ್ಲ. ಯೂರಿಯಾ ಹಾಕಿದ ನಾಲ್ಕೈದು ದಿನಕ್ಕೆ ಪೈರು ಕಪ್ಪಗೆ ಹಸಿರಾಗುತ್ತದೆ. ಪೊಟ್ಯಾಷ್ ಹಾಕಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ರೈತನಿಗೆ ತಿಳಿವಳಿಕೆ ಇಲ್ಲ ಎಂದು ಬೈಯುವವರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡಬೇಕು.

ಅಧಿಕಾರಿಗಳ ಭಾಷಣಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ 4:2:1ರ ಅನುಪಾತದಲ್ಲಿರಬೇಕು ಎಂಬ ಮಾತು ಶಾಸ್ತ್ರವಾಕ್ಯದಂತೆ ಬರುತ್ತದೆ. ಇದು ಹುಟ್ಟಿದ್ದು ಉತ್ತರದ ಗಂಗಾ ಬಯಲಿನ ಗೋಧಿ–ಭತ್ತಕ್ಕೆ ಕೊಟ್ಟ ಹಳೆಯ ಶಿಫಾರಸಿನಿಂದ. ಹಾವೇರಿಯ ಮೆಕ್ಕೆಜೋಳಕ್ಕೆ, ಕಲಬುರಗಿಯ ತೊಗರಿಗೆ, ತೀರ್ಥಹಳ್ಳಿಯ ಅಡಿಕೆಗೆ ಅದೇ ಅನುಪಾತ ಹೇಗೆ ಸರಿಹೊಂದೀತು? ತೊಗರಿಯಂತೂ ತನಗೆ ಬೇಕಾದ ಸಾರಜನಕದ ದೊಡ್ಡ ಪಾಲನ್ನು ಬೇರಿನ ಗಂಟುಗಳಲ್ಲಿ ತಾನೇ ಕಟ್ಟಿಕೊಳ್ಳುವ ಬೆಳೆ.

ಹತ್ತು ಹೆಕ್ಟೇರಿಗೆ ಒಂದು ಮಾದರಿ

2015ರ ಫೆಬ್ರುವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಪ್ರಧಾನಿ ನರೇಂದ್ರ ಮೋದಿ ಮಣ್ಣು ಆರೋಗ್ಯ ಕಾರ್ಡ್ ಯೋಜನೆಗೆ ಚಾಲನೆ ಕೊಟ್ಟರು. ಕಾರ್ಡಿನಲ್ಲಿ ಹನ್ನೆರಡು ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ.

ಮಾದರಿ ತೆಗೆಯುವ ಲೆಕ್ಕ ಹೀಗೆ: ನೀರಾವರಿಯಲ್ಲಿ 2.5 ಹೆಕ್ಟೇರಿಗೆ ಒಂದು, ಮಳೆಯಾಶ್ರಿತದಲ್ಲಿ 10 ಹೆಕ್ಟೇರಿಗೆ ಒಂದು. 2015–16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್. ಅಂದರೆ ಒಣಬೇಸಾಯದಲ್ಲಿ ಏಳು ಕುಟುಂಬಗಳ ಹೊಲಕ್ಕೆ ಒಂದೇ ಮಣ್ಣಿನ ಪೊಟ್ಟಣ. ಒಬ್ಬ ಪ್ರತಿ ವರ್ಷ ತಿಪ್ಪೆಗೊಬ್ಬರ ಹೊಡೆಸಿರುತ್ತಾನೆ, ಇನ್ನೊಬ್ಬ ಕೆರೆ ಹೂಳು ಹಾಕಿರುತ್ತಾನೆ, ಮತ್ತೊಬ್ಬನದು ಇಳಿಜಾರಿನ ಮೇಲ್ತಲೆಯಲ್ಲಿ ಕಲ್ಲು ಮೊರಡಿ. ಏಳೂ ಮನೆಗೆ ಒಂದೇ ಅಂಕಿ. ಇಂಥ ಕಾರ್ಡು ಗೂಡಿನಲ್ಲೇ ಉಳಿದರೆ ಅಚ್ಚರಿಪಡುವಂಥದ್ದೇನಿಲ್ಲ.

ಮಾದರಿಯ ಸಂಖ್ಯೆ ಹೆಚ್ಚಿಸಿದರೆ ಈ ದೋಷ ಸರಿಹೋದೀತು, ಅದು ದುಡ್ಡಿನ ಮಾತು. ಪೊಟ್ಟಣ ಎಷ್ಟೇ ಹೆಚ್ಚಿದರೂ ಬಗೆಹರಿಯದ ತೊಡಕು ಸಾರಜನಕದ ಸಾಲಿನಲ್ಲಿದೆ.

ಸಾರಜನಕದ ಅಂಕಿ ಏನು ಹೇಳುತ್ತದೆ?

ಹೆಕ್ಟೇರಿಗೆ 280 ಕೆ.ಜಿ.ಗಿಂತ ಕಡಿಮೆ ಲಭ್ಯ ಸಾರಜನಕ ಇದ್ದರೆ ‘ಕಡಿಮೆ’, 280ರಿಂದ 560 ‘ಮಧ್ಯಮ’, ಅದರ ಮೇಲೆ ‘ಹೆಚ್ಚು’. ಈ ಗೆರೆ ಎಳೆದು ದಶಕಗಳಾಗಿವೆ, ಇಡೀ ದೇಶಕ್ಕೆ ಇದೇ ಗೆರೆ. ಅಳೆಯಲು ಬಳಸುವ ಪರ್ಮ್ಯಾಂಗನೇಟ್ ವಿಧಾನ 1956ರದು. ಸುಲಭವಾಗಿ ಒಡೆಯುವ ಸಾವಯವ ಭಾಗದಿಂದ ಎಷ್ಟು ಸಾರಜನಕ ಹೊರಬಂದೀತು ಎಂದು ಅದು ಅಂದಾಜು ಮಾಡುತ್ತದೆ.

ಸಾವಯವ ಇಂಗಾಲ ಅರ್ಧ ಪರ್ಸೆಂಟ್ ಇರುವ ಕೆಂಪು ಮಣ್ಣನ್ನು ತೆಗೆದುಕೊಳ್ಳಿ. ಒಂದು ಹೆಕ್ಟೇರಿನ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 20 ಲಕ್ಷ ಕೆ.ಜಿ. ತೂಗುತ್ತದೆ, ಅದರಲ್ಲಿ ಒಟ್ಟು ಸಾರಜನಕ ಸುಮಾರು ಸಾವಿರ ಕೆ.ಜಿ. ಇದರಲ್ಲಿ ಒಂದು ಹಂಗಾಮಿನಲ್ಲಿ ಪೈರಿನ ಬಾಯಿಗೆ ಬರುವುದು ಸಣ್ಣ ಪಾಲು. ಆ ಪಾಲು ಎಷ್ಟು ಎಂದು ನಿರ್ಧರಿಸುವುದು ಮಣ್ಣಿನ ಸೂಕ್ಷ್ಮಜೀವಿಗಳು, ತೇವ, ಬಿಸಿಲು, ಹಿಂದಿನ ಬೆಳೆಯ ಕೂಳೆ. ರೋಹಿಣಿಯಲ್ಲಿ ಹದ ಮಳೆ ಬಿದ್ದರೆ ಒಂದು ಪ್ರಮಾಣ, ಆರಿದ್ರಾವರೆಗೂ ಮಣ್ಣು ಒಣಗಿದ್ದರೆ ಇನ್ನೊಂದು. ಬೇಸಿಗೆಯಲ್ಲಿ ತೆಗೆದು ಒಣಗಿಸಿ ಜರಡಿ ಹಿಡಿದ ಪೊಟ್ಟಣದಲ್ಲಿ ಮಳೆಯ ಲೆಕ್ಕ ಎಲ್ಲಿಂದ ಬರಬೇಕು?

ಪರಿಣಾಮವಾಗಿ ದೇಶದ ಬಹುಪಾಲು ಮಾದರಿಗಳು ‘ಸಾರಜನಕ ಕಡಿಮೆ’ ಎಂಬ ಖಾನೆಗೇ ಬೀಳುತ್ತವೆ. ಎಲ್ಲರಿಗೂ ಒಂದೇ ಉತ್ತರ ಕೊಡುವ ಪರೀಕ್ಷೆ ಯಾರಿಗೂ ಏನನ್ನೂ ಹೇಳಿದಂತಾಗುವುದಿಲ್ಲ. ಜತೆಗೊಂದು ವಿಪರ್ಯಾಸವಿದೆ: ಯೂರಿಯಾ ಕಡಿಮೆ ಮಾಡಿ ಎಂದು ಹೇಳಲು ಹಂಚಿದ ಕಾರ್ಡೇ ಹೆಚ್ಚಿನವರಿಗೆ ‘ನಿಮ್ಮ ಮಣ್ಣಿನಲ್ಲಿ ಸಾರಜನಕ ಕಡಿಮೆ ಇದೆ’ ಎನ್ನುತ್ತದೆ. ಅದನ್ನು ಓದಿದವನು ಸೊಸೈಟಿಯ ಸಾಲಿಗೇ ಹೋಗಿ ನಿಲ್ಲುತ್ತಾನೆ.

ಪರೀಕ್ಷೆಯ ಅಂಕಿಯನ್ನು ಇಳುವರಿಗೆ ಜೋಡಿಸುವ ಕೆಲಸ ನಡೆದೇ ಇಲ್ಲವೆಂದಲ್ಲ. 1967–68ರಿಂದಲೂ ಮಣ್ಣು ಪರೀಕ್ಷೆ ಮತ್ತು ಬೆಳೆಯ ಸ್ಪಂದನೆಯ ಕುರಿತ ಅಖಿಲ ಭಾರತ ಯೋಜನೆ ಇದೆ, ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಇಷ್ಟು ಇಳುವರಿ ಬೇಕಾದರೆ ಇಷ್ಟು ಗೊಬ್ಬರ ಎಂಬ ಸಮೀಕರಣಗಳನ್ನು ಅದು ಕೊಟ್ಟಿದೆ. ಆದರೆ ಒಂದೊಂದು ಸಮೀಕರಣವೂ ಒಂದು ಬೆಳೆಗೆ, ಒಂದು ಬಗೆಯ ಮಣ್ಣಿಗೆ, ಆ ಕಾಲದ ತಳಿಗೆ ಕಟ್ಟಿದ್ದು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುವವನಿಗೆ, ಅಡಿಕೆಯ ಕೆಳಗೆ ಕಾಳುಮೆಣಸು, ಏಲಕ್ಕಿ ಬೆಳೆಯುವವನಿಗೆ ಒಂಟಿ ಬೆಳೆಯ ಸಮೀಕರಣದಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ.

ಗಂಧಕ ಕಾಣೆಯಾದ ಬಗೆ

ಸಂಶೋಧನೆ ಸರಿಯಾಗಿ ನಡೆದರೆ ಎಷ್ಟು ಉಪಯೋಗ, ನಡುದಾರಿಯಲ್ಲಿ ನಿಂತರೆ ಏನಾಗುತ್ತದೆ ಎನ್ನುವುದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. ಹಿಂದೆ ರೈತರು ರಂಜಕಕ್ಕೆ ಸೂಪರ್ ಫಾಸ್ಫೇಟ್, ಸಾರಜನಕಕ್ಕೆ ಅಮೋನಿಯಂ ಸಲ್ಫೇಟ್ ಹಾಕುತ್ತಿದ್ದರು. ಸೂಪರ್‌ನಲ್ಲಿ ಶೇ 11, ಸಲ್ಫೇಟ್‌ನಲ್ಲಿ ಶೇ 24ರ ಆಸುಪಾಸಿನಲ್ಲಿ ಗಂಧಕ. ಯಾರೂ ಕೇಳದೆಯೇ, ಲೆಕ್ಕ ಇಡದೆಯೇ ಅದು ಹೊಲಕ್ಕೆ ಬೀಳುತ್ತಿತ್ತು. ಸಾಗಿಸಲು ಸುಲಭ, ಸಾಂದ್ರತೆ ಹೆಚ್ಚು ಎಂದು ರಂಜಕಕ್ಕೆ ಡಿಎಪಿ, ಸಾರಜನಕಕ್ಕೆ ಯೂರಿಯಾ ಬಂದವು. ಎರಡರಲ್ಲೂ ಗಂಧಕ ಇಲ್ಲ. ವರ್ಷಕ್ಕೆರಡು ಬೆಳೆ ಎತ್ತುತ್ತ ಹೋದ ಹಾಗೆ ಮಣ್ಣಿನ ಗಂಧಕ ಸದ್ದಿಲ್ಲದೆ ಕರಗಿತು. ಕೊಟ್ಟಿಗೆ ಗೊಬ್ಬರ ಕಡಿಮೆಯಾದಂತೆ ಸತು, ಬೋರಾನ್‌ಗಳೂ ಅದರ ಹಿಂದೆ ಹೋದವು.

2009ರಲ್ಲಿ ರಾಜ್ಯ ಸರ್ಕಾರ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಒಣಬೇಸಾಯ ಬೆಳೆ ಸಂಶೋಧನಾ ಸಂಸ್ಥೆಯ ಜತೆ ‘ಭೂಚೇತನ’ ಯೋಜನೆ ಶುರುಮಾಡಿತು. ಆರು ಜಿಲ್ಲೆಗಳಿಂದ ಆರಂಭವಾಗಿ ಇಡೀ ರಾಜ್ಯಕ್ಕೆ ಹಬ್ಬಿದ ಈ ಕೆಲಸದಲ್ಲಿ ಸಾವಿರಾರು ಹೊಲಗಳ ಮಣ್ಣು ಪರೀಕ್ಷೆಯಾಯಿತು. ಅರ್ಧಕ್ಕಿಂತ ಹೆಚ್ಚು ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ಕಂಡುಬಂತು. ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ರಿಯಾಯಿತಿ ದರದಲ್ಲಿ ರೈತ ಸಂಪರ್ಕ ಕೇಂದ್ರಗಳ ಮೂಲಕ ಹಳ್ಳಿ ತಲುಪಿದವು. ರಾಗಿ, ಶೇಂಗಾ, ಮೆಕ್ಕೆಜೋಳ, ಸೋಯಾ ಇಳುವರಿ ಎದ್ದು ಕಾಣುವಷ್ಟು ಹೆಚ್ಚಿತು. ಒಣಬೇಸಾಯದಲ್ಲಿ ಮಳೆಯ ಜತೆಗೆ ಇನ್ನೂ ಏನೋ ಕೊರತೆ ಇದೆ ಎಂದು ತೋರಿಸಿಕೊಟ್ಟಿದ್ದು ಈ ಯೋಜನೆಯ ದೊಡ್ಡ ಗಳಿಕೆ.

ಆಮೇಲೆ ಕೇಳಬೇಕಿದ್ದ ಪ್ರಶ್ನೆಗಳು ಬೇರೆ. ಒಮ್ಮೆ ಹಾಕಿದ ಸತು ಎರೆ (ಕಪ್ಪು) ಮಣ್ಣಿನಲ್ಲಿ ಎಷ್ಟು ಬೆಳೆಗೆ ಸಾಲುತ್ತದೆ, ಮಸಾರಿ (ಕೆಂಪು) ಮಣ್ಣಿನಲ್ಲಿ ಎಷ್ಟಕ್ಕೆ? ಬೋರಾನ್ ವಿಷಯದಲ್ಲಿ ಇದು ಇನ್ನೂ ನಾಜೂಕು, ಏಕೆಂದರೆ ಅದರ ಕೊರತೆಗೂ ವಿಷವಾಗುವ ಮಟ್ಟಕ್ಕೂ ನಡುವಿನ ಅಂತರ ತೀರಾ ಕಿರಿದು. ಕೊರತೆ ಕಂಡ ಹೊಲದಲ್ಲಿ ಹಾಕುವುದು ಮದ್ದು. ಕೊರತೆ ತುಂಬಿದ ಮೇಲೂ ರಿಯಾಯಿತಿಯಲ್ಲಿ ಬಂತೆಂದು ಹಾಕುತ್ತಿದ್ದರೆ ಅದೇ ತೊಂದರೆ. ಹಳೆಯ ಹೊಲಗಳಿಗೇ ಮತ್ತೆ ಮತ್ತೆ ಹೋಗಿ ಮಣ್ಣು ತೆಗೆದರೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ. ಯೋಜನೆಯೊಂದು ಮುಗಿದು ಹೊಸ ಹೆಸರಿನ ಯೋಜನೆ ಬಂದಾಗ ಹೊಲಗಳ ಪಟ್ಟಿಯೂ ಹೊಸದಾಗುತ್ತದೆ, ಹೋಲಿಕೆಯ ಎಳೆ ಅಲ್ಲಿಗೆ ತುಂಡಾಗುತ್ತದೆ.

ಇಂಗಾಲ: ಶೇಕಡಾವಾರಿನ ಮೋಸ

ಕಾರ್ಡಿನಲ್ಲಿ ಮಣ್ಣಿನ ‘ಜೀವ’ಕ್ಕೆ ಹತ್ತಿರವಿರುವ ಒಂದೇ ಅಂಕಿ ಸಾವಯವ ಇಂಗಾಲ. ಅರ್ಧ ಪರ್ಸೆಂಟ್‌ಗಿಂತ ಕೆಳಗಿದ್ದರೆ ಕಡಿಮೆ, ಮುಕ್ಕಾಲಿನ ಮೇಲಿದ್ದರೆ ಹೆಚ್ಚು. ಸೊಪ್ಪಿನಬೆಟ್ಟದ ದರಕು (ಒಣ ಎಲೆ) ಬೀಳುವ ಮಲೆನಾಡಿನ ತೋಟ ಈ ಗೆರೆಯನ್ನು ಸಲೀಸಾಗಿ ದಾಟುತ್ತದೆ. ಅಲ್ಲಿನ ಅಸಲಿ ಕಾಯಿಲೆ ಹುಳಿ, ಅಂದರೆ ಆಮ್ಲೀಯತೆ. ರಾಯಚೂರಿನ ಬಿಸಿಲಿನಲ್ಲಿ ಸಾವಯವ ಪದಾರ್ಥ ಬೇಗ ಉರಿದುಹೋಗುವುದರಿಂದ ಎಷ್ಟು ಗೊಬ್ಬರ ಹಾಕಿದರೂ ಮುಕ್ಕಾಲು ಪರ್ಸೆಂಟ್ ಮುಟ್ಟುವುದು ಕಷ್ಟ. ಯಾವ ಮಣ್ಣು, ಯಾವ ಹವೆಯಲ್ಲಿ ಎಷ್ಟು ಇಂಗಾಲವನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬ ಸ್ಥಳೀಯ ಗುರಿ ಇಲ್ಲದೆ ಆ ಶೇಕಡಾವಾರಿನಿಂದ ಹೊಗಳುವುದಕ್ಕೂ ಆಗದು, ತೆಗಳುವುದಕ್ಕೂ ಆಗದು.

ಈಗ ರೈತರಿಗೆ ಕಾರ್ಬನ್ ಕ್ರೆಡಿಟ್, ಅಂದರೆ ಮಣ್ಣಿನಲ್ಲಿ ಇಂಗಾಲ ಹಿಡಿದಿಟ್ಟದ್ದಕ್ಕೆ ಸಿಗುವ ಹಣದ ಆಸೆ ತೋರಿಸುವ ಕಂಪನಿಗಳು ಹಳ್ಳಿಗೆ ಬರುತ್ತಿರುವುದರಿಂದ ಇದಕ್ಕೊಂದು ಹಣದ ಮುಖವೂ ಸೇರಿದೆ. ಇಂಗಾಲದ ದಾಸ್ತಾನು ಎಂದರೆ ಶೇಕಡಾವಾರು, ಆಳ ಮತ್ತು ಮಣ್ಣಿನ ಸಾಂದ್ರತೆಯ ಗುಣಲಬ್ಧ. ಟ್ರ್ಯಾಕ್ಟರ್ ಓಡಾಡಿ ಮಣ್ಣಿನ ಸಾಂದ್ರತೆ ಘನ ಸೆಂ.ಮೀ.ಗೆ 1.3 ಗ್ರಾಂನಿಂದ 1.5ಕ್ಕೆ ಏರಿತು ಎಂದುಕೊಳ್ಳಿ. ಶೇಕಡಾವಾರು ಹಾಗೇ ಇದ್ದರೂ ಅದೇ ಆಳದ ಲೆಕ್ಕದಲ್ಲಿ ದಾಸ್ತಾನು ಶೇ 15ರಷ್ಟು ಹೆಚ್ಚಾದಂತೆ ಕಾಣುತ್ತದೆ. ಮಣ್ಣು ಕೆಟ್ಟಿದೆ, ಕಾಗದದಲ್ಲಿ ಇಂಗಾಲ ಬೆಳೆದಿದೆ! ಕಾರ್ಡಿನಲ್ಲಿ ಸಾಂದ್ರತೆಯ ಅಂಕಿಯೇ ಇಲ್ಲ. ಮಾದರಿ ತೆಗೆಯುವುದೂ ಸಾಮಾನ್ಯವಾಗಿ ಅರ್ಧ ಅಡಿಯವರೆಗೆ ಮಾತ್ರ.

ಸಾಂದ್ರತೆಯಷ್ಟೇ ಅಲ್ಲ, ಮಣ್ಣಿನ ಮೈಕಟ್ಟಿನ ಬಗ್ಗೆ ಕಾರ್ಡು ಮೂಕ. ಮಳೆ ಬಿದ್ದು ಬಿಸಿಲು ಬಂದ ಮೇಲೆ ಕೆಂಪು ಮಣ್ಣಿನ ಮೇಲೆ ಹೆಪ್ಪುಗಟ್ಟುವ ಪದರ, ವರ್ಷ ವರ್ಷವೂ ರೋಟವೇಟರ್ ಅದೇ ಆಳದಲ್ಲಿ ತಿರುಗಿ ಕೆಳಗೆ ಕಟ್ಟುವ ಗಟ್ಟಿ ತಳ, ನೀರು ಇಂಗುವ ವೇಗ, ಕೊಚ್ಚಿಹೋದ ಮೇಲ್ಮಣ್ಣು, ಯಾವುದೂ ಅದರಲ್ಲಿ ಇಲ್ಲ. ಬೇರು ಕೆಳಗಿಳಿಯದ ಹೊಲದಲ್ಲಿ ಪೋಷಕಾಂಶದ ಪಟ್ಟಿ ಎಷ್ಟು ಉದ್ದವಿದ್ದರೇನು? ಹಾಗೆಂದು ಮಾಹಿತಿ ಎಲ್ಲೂ ಇಲ್ಲವೆನ್ನುವಂತಿಲ್ಲ. ವಿಶ್ವಬ್ಯಾಂಕ್ ನೆರವಿನ ಸುಜಲ–3 ಯೋಜನೆಯಲ್ಲಿ ಕರ್ನಾಟಕದ ಅನೇಕ ಕಿರುಜಲಾನಯನಗಳ ಮಣ್ಣಿನ ಆಳ, ಇಳಿಜಾರು, ಗರಸಿನ ಪ್ರಮಾಣವನ್ನು ಸರ್ವೆ ನಂಬರ್ ಮಟ್ಟದಲ್ಲಿ ದಾಖಲಿಸಲಾಗಿದೆ. ಆ ನಕ್ಷೆ ಒಂದು ಕಡೆ, ಪೋಷಕಾಂಶದ ಕಾರ್ಡ್ ಇನ್ನೊಂದು ಕಡೆ ಇವೆ. ಎರಡನ್ನೂ ಕೂಡಿಸಿ ಗೊಬ್ಬರದ ಸಲಹೆ ಕೊಟ್ಟರೆ ಇಳುವರಿ ಎಷ್ಟು ಬದಲಾಗುತ್ತದೆ ಎಂದು ಪರೀಕ್ಷಿಸುವುದಕ್ಕೆ ಹೊಸ ಪ್ರಯೋಗಾಲಯವೇನೂ ಬೇಕಿಲ್ಲ.

ಜೀವಾಮೃತವೋ, ನ್ಯಾನೊ ಬಾಟಲಿಯೋ?

ಸಂಶೋಧನೆ ಖಾಲಿ ಬಿಟ್ಟ ಜಾಗದಲ್ಲಿ ವಾದಗಳು ಬಂದು ಕೂರುತ್ತವೆ. ಒಂದು ಕಡೆ ನೈಸರ್ಗಿಕ ಕೃಷಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಇದಕ್ಕಾಗಿ 2,481 ಕೋಟಿ ರೂಪಾಯಿಯ ರಾಷ್ಟ್ರೀಯ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು. ಎಕರೆಗೆ ಹಾಕುವ 200 ಲೀಟರ್ ಜೀವಾಮೃತದಲ್ಲಿ ಹತ್ತು ಕೆ.ಜಿ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಇರುತ್ತವೆ. ಇದರಿಂದ ಬರುವ ಸಾರಜನಕ ಗ್ರಾಂಗಳ ಲೆಕ್ಕದ್ದು ಎನ್ನುವುದನ್ನು ಅದರ ಪ್ರತಿಪಾದಕರೂ ಅಲ್ಲಗಳೆಯುವುದಿಲ್ಲ. ಇದು ಗೊಬ್ಬರವಲ್ಲ, ಹೆಪ್ಪು; ಮಣ್ಣಿನಲ್ಲೇ ಇರುವ ಪೋಷಕಾಂಶವನ್ನು ಸೂಕ್ಷ್ಮಜೀವಿಗಳು ಬಿಡಿಸಿಕೊಡುತ್ತವೆ ಎಂಬುದು ಅವರ ವಾದ. ಹಾಗಾದರೆ ಧಾನ್ಯದ ರೂಪದಲ್ಲಿ ಪ್ರತಿ ವರ್ಷ ಹೊಲದಿಂದ ಆಚೆ ಹೋಗುವ ರಂಜಕ, ಪೊಟ್ಯಾಷ್ ಎಷ್ಟು ವರ್ಷ ನಡೆದೀತು ಎಂದು ಮಣ್ಣು ವಿಜ್ಞಾನಿಗಳು ಕೇಳುತ್ತಾರೆ. ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ 2019ರಲ್ಲಿ ಜೀವಾಮೃತವನ್ನೇ ನೆಚ್ಚಿದ ಶೂನ್ಯ ಬಂಡವಾಳ ಕೃಷಿಯ ಬಗ್ಗೆ ಇಂಥದ್ದೇ ಆಕ್ಷೇಪ ಎತ್ತಿತ್ತು. ಈ ಜಗಳ ಎರಡು–ಮೂರು ವರ್ಷದ ಪ್ರಾತ್ಯಕ್ಷಿಕೆಯಿಂದ ತೀರುವಂಥದ್ದಲ್ಲ. ಮಣ್ಣಿನ ಹಳೆಯ ದಾಸ್ತಾನು ಅಷ್ಟು ದಿನ ಯಾರನ್ನು ಬೇಕಾದರೂ ಗೆಲ್ಲಿಸುತ್ತದೆ.

ಇನ್ನೊಂದು ಕಡೆ ಎಲೆಗೆ ಸಿಂಪಡಿಸುವ ದ್ರವ, ನ್ಯಾನೊ ಯೂರಿಯಾ. 2021ರಲ್ಲಿ ಮಾರುಕಟ್ಟೆಗೆ ಬಂದ ಅರ್ಧ ಲೀಟರ್ ಬಾಟಲಿ ಒಂದು ಚೀಲ ಯೂರಿಯಾಕ್ಕೆ ಸಮ ಎಂದು ಪ್ರಚಾರವಾಯಿತು. ಶೇ 4ರಂತೆ ಆ ಬಾಟಲಿಯಲ್ಲಿದ್ದ ಸಾರಜನಕ 20 ಗ್ರಾಂ. ಚೀಲದಲ್ಲಿರುವುದು 20 ಕೆ.ಜಿ.ಗೂ ಹೆಚ್ಚು. ಸಾವಿರ ಪಟ್ಟಿನ ಈ ಅಂತರವನ್ನು ಎಲೆಯ ಮೂಲಕ ಹೀರುವ ದಕ್ಷತೆ ತುಂಬುತ್ತದೆ ಎಂಬುದು ತಯಾರಕರ ಸಮರ್ಥನೆ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷದ ಪ್ರಯೋಗದಲ್ಲಿ ಭತ್ತ, ಗೋಧಿ ಎರಡರ ಇಳುವರಿಯೂ ಕುಸಿಯಿತು. ಸ್ವತಂತ್ರ ಪ್ರಯೋಗ ಮೊದಲು, ಪ್ರಚಾರ ಆಮೇಲೆ ಎಂಬ ಕ್ರಮ ಇಲ್ಲಿ ತಲೆಕೆಳಗಾಯಿತು.

ನೀರು ತರುವ ಮಣ್ಣಿನ ರೋಗ

ಗೊಬ್ಬರದ ಗದ್ದಲದಲ್ಲಿ ಮರೆಯಾಗುವುದು ನೀರು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ, ಕೃಷ್ಣೆಯ ಕಬ್ಬಿನ ಪಟ್ಟಿಯಲ್ಲಿ ಎರೆ ಭೂಮಿ ಉಪ್ಪುಗಟ್ಟಿ, ನೀರು ನಿಂತು ಸವಳು–ಜವಳಾಗಿ ಬಿದ್ದಿರುವುದು ಹಳೆಯ ಕತೆ. ನೆಲದಡಿಯ ಬಸಿಗಾಲುವೆಗಳ ಬಗ್ಗೆ ಗಂಗಾವತಿಯ ಸಂಶೋಧನಾ ಕೇಂದ್ರ ಬಹುಕಾಲ ಕೆಲಸ ಮಾಡಿದೆ, ತಂತ್ರ ಗೊತ್ತಿದೆ. ತುಂಡು ಹಿಡುವಳಿಗಳ ನಡುವೆ ಹಾದುಹೋಗುವ ಬಸಿಗಾಲುವೆಯ ಖರ್ಚು ಯಾರದು, ಹೂಳು ತೆಗೆಯುವವರು ಯಾರು, ಬಸಿದ ಉಪ್ಪುನೀರು ಯಾರ ಹೊಲಕ್ಕೆ ಹೋಗಬೇಕು? ಇವು ರಸಾಯನಶಾಸ್ತ್ರಕ್ಕೆ ಸೇರದ ಪ್ರಶ್ನೆಗಳಾದ್ದರಿಂದ ಮಣ್ಣಿನ ಸಂಶೋಧನೆ ಇವನ್ನು ತನ್ನದೆಂದು ಎತ್ತಿಕೊಂಡದ್ದು ಕಡಿಮೆ.

ಕೋಲಾರದ್ದು ಹೊಸ ಕತೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಎರಡು ಹಂತ ಸಂಸ್ಕರಿಸಿದ ಕೊಳಚೆನೀರು ಅಲ್ಲಿನ ಕೆರೆಗಳನ್ನು ತುಂಬುತ್ತಿದೆ. ಅಂತರ್ಜಲ ಮೇಲೆದ್ದದ್ದು ನಿಜ, ಮೂರನೆಯ ಹಂತದ ಸಂಸ್ಕರಣೆ ಬೇಕೆಂಬ ಒತ್ತಾಯವೂ ನಿಂತಿಲ್ಲ. ವಾದ ನಡೆದಿರುವುದು ಬಹುಪಾಲು ನೀರಿನ ಗುಣಮಟ್ಟದ ಮೇಲೆ. ಆ ನೀರಿನ ಲವಣ, ಲೋಹ, ಔಷಧಗಳ ಶೇಷ ಕೆಂಪು ಮಣ್ಣಿನಲ್ಲಿ ಇಪ್ಪತ್ತು ವರ್ಷದಲ್ಲಿ ಎಷ್ಟು ಕೂಡುತ್ತವೆ ಎಂದು ತಿಳಿಯಬೇಕಾದರೆ ಗೊತ್ತುಮಾಡಿದ ಹೊಲಗಳಲ್ಲಿ ಈಗಿನಿಂದಲೇ ವರ್ಷವರ್ಷವೂ ಮಣ್ಣು ತೆಗೆಯುತ್ತಿರಬೇಕು. ಆರಂಭದ ವರ್ಷಗಳ ಅಂಕಿ ಕೈತಪ್ಪಿದರೆ ಆಮೇಲೆ ಯಾರೂ ಹಿಂದಕ್ಕೆ ಹೋಗಿ ತರಲಾರರು.

ಮೂರು ವರ್ಷದ ಯೋಜನೆ, ಮೂವತ್ತು ವರ್ಷದ ಮಣ್ಣು

ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರುವಾದ ಗೊಬ್ಬರ ಪ್ರಯೋಗ ಈಗಲೂ ನಡೆದಿದೆ. ಕೊಯಮತ್ತೂರಿನದು 1909ರದು. 1970ರಲ್ಲಿ ದೇಶದ ಮಟ್ಟದಲ್ಲಿ ಆರಂಭವಾದ ದೀರ್ಘಾವಧಿ ಪ್ರಯೋಗಗಳ ಜಾಲಕ್ಕೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ರಾಗಿ–ಮೆಕ್ಕೆಜೋಳದ ತಾಕುಗಳೂ (ಪ್ರಯೋಗಕ್ಕೆಂದು ಗುರುತಿಸಿದ ಹೊಲದ ತುಂಡುಗಳು) ಸೇರಿವೆ. ಹಿಮಾಚಲದ ಪಾಲಂಪುರದಲ್ಲಿ ಸಾರಜನಕ ಮಾತ್ರ ಕೊಟ್ಟ ತಾಕುಗಳು ಮೊದಮೊದಲು ಚೆನ್ನಾಗಿಯೇ ಬೆಳೆದವು. ವರ್ಷ ಕಳೆದಂತೆ ಮಣ್ಣು ಹುಳಿಯಾಗುತ್ತ ಬಂದು ಕೊನೆಗೆ ಅಲ್ಲಿ ಬೆಳೆಯೇ ಬರದಾಯಿತು. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಸಮತೋಲದ ರಸಗೊಬ್ಬರದ ಜತೆ ಕೊಟ್ಟಿಗೆ ಗೊಬ್ಬರ ಬಿದ್ದ ತಾಕು ಉಳಿದವನ್ನು ಮೀರಿಸಿತು. ಯೂರಿಯಾ ಮಣ್ಣನ್ನು ಕೆಡಿಸುತ್ತದೆ ಎಂಬ ಭಾಷಣದ ಮಾತಿಗೆ ಇರುವ ಗಟ್ಟಿ ಆಧಾರ ಇಂಥ ತಾಕುಗಳೇ. ಅವು ಜತೆಗೇ ಹೇಳುವುದು ಇನ್ನೊಂದಿದೆ: ಕೆಡುವುದು ಯೂರಿಯಾ ಬಿದ್ದದ್ದಕ್ಕಿಂತ ಹೆಚ್ಚಾಗಿ ಅದರ ಜತೆ ಬೇರೇನೂ ಬೀಳದ ಕಾರಣಕ್ಕೆ.

ಇಂಥ ತಾಕುಗಳು ಕೈಬೆರಳೆಣಿಕೆಯಷ್ಟು, ಇರುವುದೂ ವಿಶ್ವವಿದ್ಯಾಲಯದ ಬೇಲಿಯೊಳಗೆ. ಸಂಶೋಧನೆಯ ಅನುದಾನ ಮೂರರಿಂದ ಐದು ವರ್ಷಕ್ಕೆ, ವಿದ್ಯಾರ್ಥಿಯ ಪ್ರಬಂಧ ಎರಡು ಹಂಗಾಮಿಗೆ. ಮಣ್ಣು ಬದಲಾಗುವುದು ದಶಕಗಳಲ್ಲಿ. ಸಹಜವಾಗಿಯೇ ವಿಜ್ಞಾನಿ ಎರಡು ಹಂಗಾಮಿನಲ್ಲಿ ಉತ್ತರ ಕೊಡುವ ಪ್ರಶ್ನೆಯನ್ನೇ ಆರಿಸಿಕೊಳ್ಳುತ್ತಾನೆ: ಯಾವ ಪ್ರಮಾಣಕ್ಕೆ ಎಷ್ಟು ಇಳುವರಿ. ಉಳಿದವು ಹಾಗೇ ಉಳಿಯುತ್ತವೆ.

ಕಾರ್ಡೇ ಪಡಿತರವಾದರೆ?

2023ರ ಜೂನ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ–ಪ್ರಣಾಮ್ ಯೋಜನೆಯ ಪ್ರಕಾರ ರಸಗೊಬ್ಬರ ಬಳಕೆ ತಗ್ಗಿಸಿದ ರಾಜ್ಯಕ್ಕೆ ಉಳಿದ ಸಬ್ಸಿಡಿಯ ಅರ್ಧ ಅನುದಾನವಾಗಿ ಸಿಗುತ್ತದೆ. ಬಳಕೆ ಎಲ್ಲಿ, ಯಾವ ಬೆಳೆಯಲ್ಲಿ ತಗ್ಗಬೇಕು ಎಂಬುದನ್ನು ಅದು ಹೇಳುವುದಿಲ್ಲ. ಗೊಬ್ಬರ ಅತಿಯಾಗಿ ಬೀಳುವ ನೀರಾವರಿ ಭತ್ತದಲ್ಲಿ ತಗ್ಗಿದರೆ ಲಾಭ. ಮೊದಲೇ ಅರೆಹೊಟ್ಟೆಯಲ್ಲಿರುವ ಒಣಬೇಸಾಯದ ರಾಗಿಯಲ್ಲಿ ತಗ್ಗಿದರೆ ನಷ್ಟ. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಉಳಿತಾಯ.

ಯೂರಿಯಾ ಬೆಲೆಯನ್ನೇ ಬಿಟ್ಟುಬಿಡಿ, ಸಬ್ಸಿಡಿಯನ್ನು ನೇರ ರೈತರ ಖಾತೆಗೆ ಹಾಕಿ ಎನ್ನುವ ಅರ್ಥಶಾಸ್ತ್ರಜ್ಞರಿದ್ದಾರೆ. ಗೇಣಿಗೆ ಮಾಡುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ ಎಂಬ ಉತ್ತರಕ್ಕೆ ಅವರಲ್ಲಿ ಸಿದ್ಧ ಪರಿಹಾರವಿಲ್ಲ. ಅದಕ್ಕಿಂತ ಹತ್ತಿರದಲ್ಲಿ ಕಾಣುತ್ತಿರುವುದು ಗೊಬ್ಬರ ಮಾರಾಟವನ್ನು ಜಮೀನಿನ ದಾಖಲೆ, ಬೆಳೆ, ಮಣ್ಣಿನ ಕಾರ್ಡುಗಳಿಗೆ ಜೋಡಿಸುವ ಆಲೋಚನೆ. ಕಾಳಸಂತೆಗೆ ಅದು ಕಡಿವಾಣ ಹಾಕಬಹುದು. ಆದರೆ ಈವರೆಗೆ ಕಾರ್ಡಿನ ತಪ್ಪಿಗೆ ಬೆಲೆ ಇರಲಿಲ್ಲ, ಏಕೆಂದರೆ ರೈತ ಅದನ್ನು ಮಡಚಿ ಗೂಡಿನಲ್ಲಿಡಬಹುದಿತ್ತು. ಅದೇ ಅಂಕಿ ಸೊಸೈಟಿಯ ಯಂತ್ರಕ್ಕೆ ಸೇರಿ ಎಷ್ಟು ಚೀಲ ಎಂದು ತೀರ್ಮಾನಿಸುವ ದಿನ, ಹತ್ತು ಹೆಕ್ಟೇರಿಗೆ ತೆಗೆದ ಆ ಒಂದು ಪೊಟ್ಟಣ ಏಳು ಮನೆಗಳ ಪಡಿತರ ಚೀಟಿಯಾಗುತ್ತದೆ.